ಕಲ್ಲುಗಳ ನಕ್ಷೆ ಬರೆದ ರಾಬರ್ಟ್ ಬ್ರೂಸ್ ಫೂಟ್

ಮಕ್ಕಳೇ, ಚಿಕ್ಕಬಾಣಾವರದ ರೈಲು ನಿಲ್ದಾಣವನ್ನು ನೀವು ನೋಡಿರಬಹುದು. ತುಮಕೂರಿನ ಕಡೆಗೆ ಮತ್ತು ಹಾಸನದ ಕಡೆಗೆ ಹೋಗುವ ಹಳಿಗಳು ಬೇರೆಬೇರೆಯಾಗುವುದು ಇಲ್ಲಿಯೇ. ಪ್ಲಾಟ್‌ಫಾರಂ ಮೇಲೆ ನಿಂತು ಒಮ್ಮೆ ಗಮನಿಸಿ. ಹಳಿಗಳು ಉಕ್ಕಿನವು. ಉಕ್ಕು ತಯಾರಾಗುವುದು ಕಬ್ಬಿಣದ ಅದಿರಿನಿಂದ. ಹಳಿಗಳ ಕೆಳಗೆ ಹಾಸಿರುವ ಜಲ್ಲಿ ಯಾವುದೋ ಬಂಡೆಯನ್ನು ಒಡೆದು ತಂದದ್ದು. ಹೊರಗೆ ಹೆಸರಘಟ್ಟ ರಸ್ತೆಯಲ್ಲಿ ಓಡುವ ಲಾರಿಗೆ ಡೀಸೆಲ್ ಬೇಕು. ಡೀಸೆಲ್ ಸಿಗುವುದು ನೆಲದ ಆಳದಿಂದ ಮೇಲೆತ್ತಿದ ಕಚ್ಚಾ ಎಣ್ಣೆಯಿಂದ.

ಈ ಮೂರೂ ಭೂಮಿಯನ್ನು ಅಗೆದು ತೆಗೆದ ವಸ್ತುಗಳು. ಇವಿಲ್ಲದೆ ನಮ್ಮ ದಿನ ನಡೆಯುವುದಿಲ್ಲ. ಆದರೆ ಅಗೆಯಬೇಕಾದ ಜಾಗದ ಮೇಲೆ ದಟ್ಟವಾದ ಕಾಡಿದ್ದರೆ ಏನು ಮಾಡಬೇಕು? ಆ ಕಾಡಿನಲ್ಲಿ ನದಿ ಹುಟ್ಟುತ್ತಿದ್ದರೆ? ಕೆಳಗಿರುವ ಸಂಪತ್ತು ದೊಡ್ಡದೋ, ಮೇಲಿರುವ ಸಂಪತ್ತು ದೊಡ್ಡದೋ? ಈ ಪ್ರಶ್ನೆಯನ್ನು ಇಟ್ಟುಕೊಂಡು ಪ್ರಪಂಚದ ಹಲವು ಕಡೆ ವಾದ ನಡೆದಿದೆ. ನಮ್ಮ ಕರ್ನಾಟಕದಲ್ಲಿಯೂ ನಡೆದಿದೆ.

ವಾದ ಮಾಡುವ ಮೊದಲು ಒಂದು ವಿಷಯ ತಿಳಿದಿರಬೇಕು. ನೆಲದ ಕೆಳಗೆ ಏನಿದೆ, ಎಲ್ಲಿದೆ ಎಂಬುದೇ ಆ ವಿಷಯ. ಅದನ್ನು ತಿಳಿಯಲು ತಮ್ಮ ಆಯುಷ್ಯವನ್ನೇ ಸವೆಸಿದ ಒಬ್ಬ ಭೂವಿಜ್ಞಾನಿಯ ಕಥೆ ಇದು. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಹಡಗೇರಿ ಬಂದ ತರುಣ

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರಲ್ಲಿ, 24ನೆಯ ವಯಸ್ಸಿನಲ್ಲಿ, ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಆಗ ಆ ಇಲಾಖೆ ಶುರುವಾಗಿ ಏಳೇ ವರ್ಷವಾಗಿತ್ತು. ರೈಲುಗಳಿಗೆ ಮತ್ತು ಹಡಗುಗಳಿಗೆ ಬೇಕಾದ ಕಲ್ಲಿದ್ದಲು ಎಲ್ಲಿದೆ ಎಂದು ಹುಡುಕುವುದು ಅದರ ಮುಖ್ಯ ಕೆಲಸವಾಗಿತ್ತು. ಲೋಹಗಳ ಅದಿರುಗಳನ್ನೂ ಗುರುತಿಸಬೇಕಿತ್ತು. ಬ್ರಿಟಿಷ್ ಸರ್ಕಾರ ಇಲಾಖೆಯನ್ನು ತೆರೆದದ್ದು ತನ್ನ ಲಾಭಕ್ಕಾಗಿಯೇ ಎಂಬುದನ್ನು ನಾವು ಮರೆಯಬಾರದು.

ಫೂಟ್ ಅವರನ್ನು ದಕ್ಷಿಣ ಭಾರತಕ್ಕೆ ಕಳುಹಿಸಲಾಯಿತು. ಉಪಗ್ರಹ ಚಿತ್ರಗಳಾಗಲಿ ಜೀಪಾಗಲಿ ಇಲ್ಲದ ಕಾಲ ಅದು. ಬೇಸಿಗೆ ಬರುವ ಮೊದಲಿನ ಒಣ ತಿಂಗಳುಗಳಲ್ಲಿ ಡೇರೆ ಹಾಕಿಕೊಂಡು ಊರೂರು ಸುತ್ತಬೇಕು. ಕುದುರೆ ಹೋಗದ ಕಡೆ ನಡೆಯಬೇಕು. ಒಂದು ಸುತ್ತಿಗೆ, ಒಂದು ದಿಕ್ಸೂಚಿ, ಒಂದು ನೋಟ್ ಪುಸ್ತಕ, ಇವೇ ಭೂವಿಜ್ಞಾನಿಯ ಉಪಕರಣಗಳು. ಕಲ್ಲನ್ನು ಒಡೆದು ಒಳಗಿನ ಬಣ್ಣ ನೋಡಬೇಕು, ಪದರಗಳು ಯಾವ ದಿಕ್ಕಿಗೆ ಬಾಗಿವೆ ಎಂದು ಅಳೆಯಬೇಕು, ಸಿಕ್ಕಿದ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕು. ಫೂಟ್ ಅವರು ಚಿತ್ರ ಬರೆಯುವುದರಲ್ಲಿಯೂ ನಿಪುಣರು. ಹೆಸರಿಗೆ ತಕ್ಕಂತೆ ಸಾವಿರಾರು ಮೈಲಿ ತಿರುಗಿದರು.

ಪಲ್ಲಾವರದ ಒಂದು ಕಲ್ಲು

1863ರ ಮೇ 30. ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಜಲ್ಲಿಗಾಗಿ ತೋಡಿದ್ದ ಒಂದು ಗುಂಡಿಯ ಬಳಿ ಫೂಟ್ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ಉಳಿದ ಕಲ್ಲುಗಳಂತಿರಲಿಲ್ಲ. ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿ, ತುದಿಯನ್ನು ಚೂಪು ಮಾಡಿದಂತಿತ್ತು. ನೀರಿನಲ್ಲಿ ಉರುಳಿದ ಕಲ್ಲು ದುಂಡಗಾಗುತ್ತದೆಯೇ ಹೊರತು ಹೀಗಾಗುವುದಿಲ್ಲ. ಇದನ್ನು ಮನುಷ್ಯನ ಕೈ ರೂಪಿಸಿದೆ ಎಂದು ಅವರು ಅರಿತರು.

ಅದು ಹಳೆಯ ಶಿಲಾಯುಗದ ಉಪಕರಣವಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಎಂಬಲ್ಲಿ ಇಂಥ ಕೈಗೊಡಲಿಗಳನ್ನು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಕಂಡರು. ಭಾರತದಲ್ಲಿ ಅಷ್ಟು ಹಿಂದಿನ ಕಾಲದಲ್ಲಿ ಮಾನವರು ಇದ್ದರೆಂಬುದಕ್ಕೆ ಇವು ಮೊದಲ ದೃಢ ಸಾಕ್ಷ್ಯಗಳಾದವು. ಅತ್ತಿರಂಪಾಕ್ಕಂನ ಅತ್ಯಂತ ಹಳೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸಾಗಿರಬಹುದೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಫೂಟ್ ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಕರೆಯುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಫೂಟ್ ಅವರು ಕಲ್ಲನ್ನು ಎತ್ತಿಕೊಂಡು ಸುಮ್ಮನೆ ಹೋಗಲಿಲ್ಲ. ಅದು ಯಾವ ಊರಿನಲ್ಲಿ, ಎಂಥ ಮಣ್ಣಿನಲ್ಲಿ ಸಿಕ್ಕಿತು ಎಂದು ಬರೆದಿಟ್ಟರು. ಉಪಕರಣದ ಕಾಲವನ್ನು ಹೇಳುವುದು ಅದು ಹುದುಗಿದ್ದ ಪದರ. ಜಾಗ ತಿಳಿಯದ ಕಲ್ಲು ಹಾಳೆ ಹರಿದ ಪುಸ್ತಕದಂತೆ. ಈ ಅಭ್ಯಾಸವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಕನ್ನಡ ನಾಡಿನಲ್ಲಿ

ಮುಂದೆ ಫೂಟ್ ಅವರು ಬೆಳಗಾವಿ, ಧಾರವಾಡ, ಬಳ್ಳಾರಿ ಮತ್ತು ರಾಯಚೂರು ಪ್ರದೇಶಗಳಲ್ಲಿ ಹಲವು ವರ್ಷ ಕೆಲಸ ಮಾಡಿದರು. ಮಲಪ್ರಭಾ ನದಿಯ ಕಣಿವೆಯಲ್ಲಿಯೂ ಶಿಲಾಯುಗದ ಉಪಕರಣಗಳನ್ನು ಕಂಡರು.

ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಅವರಿಗೆ ಪಳೆಯುಳಿಕೆಗಳಾಗಿದ್ದ ಎಲುಬುಗಳು ಮತ್ತು ಹಲ್ಲುಗಳು ದೊರೆತವು. ಅವು ಯಾವ ಪ್ರಾಣಿಯವು ಗೊತ್ತೆ? ಘೇಂಡಾಮೃಗದವು! ಇಂದು ಘೇಂಡಾಮೃಗ ನೋಡಲು ನಾವು ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಆದರೆ ಒಂದಾನೊಂದು ಕಾಲದಲ್ಲಿ ಗೋಕಾಕದ ಸುತ್ತಲೂ ಅವು ಮೇಯುತ್ತಿದ್ದವು. 1874ರಲ್ಲಿ ಫೂಟ್ ಅವರು ಆ ಪ್ರಾಣಿಯ ಬಗ್ಗೆ ವಿವರವಾಗಿ ಬರೆದು, ದಖ್ಖನಿನ ಹೆಸರು ಸೇರಿಸಿ ಅದಕ್ಕೆ ಹೆಸರಿಟ್ಟರು. ಒಂದು ಪ್ರದೇಶದ ಕಾಡು, ಹುಲ್ಲು, ನೀರು ಬದಲಾದರೆ ಅಲ್ಲಿದ್ದ ಪ್ರಾಣಿ ಇಲ್ಲವಾಗಬಹುದು ಎಂಬ ಪಾಠ ಆ ಎಲುಬುಗಳಲ್ಲಿದೆ.

ಬಳ್ಳಾರಿಯ ಹತ್ತಿರ ಸಂಗನಕಲ್ಲು ಮತ್ತು ಕುಪ್ಪಗಲ್ಲು ಎಂಬ ಊರುಗಳಿವೆ. ಅಲ್ಲಿನ ಬೆಟ್ಟದಲ್ಲಿ ಫೂಟ್ ಅವರು ನವಶಿಲಾಯುಗದ ದೊಡ್ಡ ನೆಲೆಯೊಂದನ್ನು ಗುರುತಿಸಿದರು. ಅಲ್ಲಿನ ಜನ ಗಟ್ಟಿಯಾದ ಕರಿಕಲ್ಲನ್ನು ಒಡೆದು, ಉಜ್ಜಿ ನುಣುಪು ಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಅರ್ಧ ಮಾಡಿ ಬಿಟ್ಟ ಕೊಡಲಿಗಳು, ಚಕ್ಕೆಗಳ ರಾಶಿ ಎಲ್ಲವೂ ಅಲ್ಲಿದ್ದವು. ಅಂದರೆ ಅದು ಆ ಕಾಲದ ಒಂದು ಕಾರ್ಖಾನೆ.

ಬಳ್ಳಾರಿ ಸೀಮೆಯ ಕುಡತಿನಿಯ ಬಳಿ ಇರುವ ಬೂದಿದಿಬ್ಬವನ್ನೂ ಅವರು ಪರೀಕ್ಷಿಸಿದರು. ಅದು ಹಿಂದೆ ಸತ್ತ ರಾಕ್ಷಸನೊಬ್ಬನ ಬೂದಿ ಎಂದು ಜನ ನಂಬಿದ್ದರು. ವಿದ್ವಾಂಸರಲ್ಲಿಯೂ ಬೇರೆ ಬೇರೆ ಊಹೆಗಳಿದ್ದವು. ದನಗಳ ಸೆಗಣಿ ರಾಶಿಯಾಗಿ ಸುಟ್ಟು ಆದ ಬೂದಿ ಇದು ಎಂಬುದು ಫೂಟ್ ಅವರ ನಿಲುವಾಗಿತ್ತು. ಮುಂದೆ 20ನೆಯ ಶತಮಾನದಲ್ಲಿ ನಡೆದ ಉತ್ಖನನಗಳು ಅದನ್ನು ಎತ್ತಿಹಿಡಿದವು. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿ ಕಟ್ಟಿಕೊಂಡು ಬಾಳಿದ್ದ ಜಾಗಗಳು ಅವು.

ಧಾರವಾಡದ ಹೆಸರು ಪಡೆದ ಶಿಲೆಗಳು

ಫೂಟ್ ಅವರ ಇನ್ನೊಂದು ದೊಡ್ಡ ಕೆಲಸ ನಮ್ಮ ನಾಡಿನ ಶಿಲೆಗಳನ್ನು ವಿಂಗಡಿಸಿದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೀವು ನೋಡಿದ್ದೀರಿ. ಬೂದು ಬಣ್ಣದ, ಪಟ್ಟೆ ಪಟ್ಟೆಯಾದ ಆ ಕಲ್ಲಿಗೆ ನೈಸ್ ಎಂದು ಹೆಸರು. ನಮ್ಮ ಬೆಂಗಳೂರಿನ ಸುತ್ತಮುತ್ತ ಹೆಚ್ಚಾಗಿ ಕಾಣುವುದು ಇಂಥ ಕಲ್ಲೇ. ಆದರೆ ಧಾರವಾಡ, ಸಂಡೂರು, ಕೋಲಾರದಂಥ ಕಡೆ ಉದ್ದುದ್ದ ಪಟ್ಟಿಗಳಂತೆ ಬೇರೆ ಬಗೆಯ ಶಿಲೆಗಳಿವೆ. ಇವು ಪದರ ಪದರವಾಗಿ, ಮಡಿಚಿದ ಬಟ್ಟೆಯಂತೆ ಬಾಗಿವೆ. ಇವೆಲ್ಲ ಒಂದೇ ಗುಂಪಿಗೆ ಸೇರಿದವು ಎಂದು ಗುರುತಿಸಿ 1880ರ ದಶಕದಲ್ಲಿ ಅವರು ಧಾರವಾಡದ ಹೆಸರನ್ನೇ ಇಟ್ಟರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಶಿಲೆಗಳಲ್ಲಿಯೇ ಇದೆ ಎಂದೂ ತೋರಿಸಿದರು.

ಈ ಶಿಲೆಗಳಲ್ಲಿ ಕಬ್ಬಿಣವೂ ಇದೆ. 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ವರದಿಯಲ್ಲಿ ಅವರು ಸಂಡೂರಿನ ಬೆಟ್ಟಗಳನ್ನು ವಿವರಿಸಿದರು. ಅಲ್ಲಿನ ಕಬ್ಬಿಣದ ಅದಿರು ಎಷ್ಟು ಸಮೃದ್ಧವಾಗಿದೆ ಎಂಬುದು ಆ ವರದಿಯಿಂದ ಎಲ್ಲರಿಗೂ ತಿಳಿಯಿತು.

ಫೂಟ್ ಅವರು 1891ರಲ್ಲಿ ನಿವೃತ್ತರಾದರು. ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಭೂವಿಜ್ಞಾನಿಯಾಗಿ ಕೆಲಸ ಮಾಡಿದರು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಅದೇ. ಸೇಲಂ ಬಳಿಯ ಏರ್ಕಾಡು ಬೆಟ್ಟದ ಮೇಲೆ ಅವರ ಮನೆ ಇತ್ತು. 40 ವರ್ಷ ಕೂಡಿಸಿದ ಪ್ರಾಚೀನ ವಸ್ತುಗಳ ಸಂಗ್ರಹ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಪ್ರತಿಯೊಂದು ವಸ್ತು ಎಲ್ಲಿ ಸಿಕ್ಕಿತೆಂದು ತಿಳಿಸುವ ಪಟ್ಟಿಯನ್ನು ಅವರು ಸಿದ್ಧಪಡಿಸಿದರು. ಅದು ಅಚ್ಚಾಗುವ ಮೊದಲೇ, 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 78 ವರ್ಷ.

ನಮ್ಮಲ್ಲಿ ಎಣ್ಣೆ ಏಕಿಲ್ಲ?

ಫೂಟ್ ಅವರು ಧಾರವಾಡದ ಶಿಲೆಗಳಲ್ಲಿ ಚಿನ್ನ ಕಂಡರು, ಕಬ್ಬಿಣ ಕಂಡರು. ಎಣ್ಣೆಯನ್ನು ಕಾಣಲಿಲ್ಲ. ಏಕೆ? ಸಮುದ್ರದಲ್ಲಿ ತೇಲುವ ಅತಿ ಸಣ್ಣ ಜೀವಿಗಳು ಸತ್ತು, ತಳದ ಕೆಸರಿನಲ್ಲಿ ಹೂತು, ಕೋಟ್ಯಂತರ ವರ್ಷ ಒತ್ತಡ ಮತ್ತು ಬಿಸಿಗೆ ಸಿಕ್ಕಿ ಎಣ್ಣೆಯಾಗುತ್ತವೆ. ಅದು ಸೂಕ್ಷ್ಮ ರಂಧ್ರಗಳಿರುವ ಮರಳುಗಲ್ಲಿನಂಥ ಶಿಲೆಗಳಲ್ಲಿ ಸೇರಿಕೊಳ್ಳುತ್ತದೆ. ಕರ್ನಾಟಕದ ಬಹುಪಾಲು ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ವಿಪರೀತ ಬಿಸಿಗೆ ಸಿಕ್ಕಿ ಗಟ್ಟಿಯಾದವು. ಅವುಗಳಲ್ಲಿ ಎಣ್ಣೆ ಉಳಿಯುವುದಿಲ್ಲ.

ಆದ್ದರಿಂದ ಅಲಾಸ್ಕಾದಲ್ಲಿ ಎಣ್ಣೆಗಾಗಿ ನಡೆದ ವಾದ ನಮ್ಮಲ್ಲಿ ಕಬ್ಬಿಣಕ್ಕಾಗಿ ನಡೆಯಿತು. ಅಮೆರಿಕದ ಅಲಾಸ್ಕಾದ ಉತ್ತರ ತುದಿಯಲ್ಲಿ 1960ರಲ್ಲಿ ಒಂದು ದೊಡ್ಡ ವನ್ಯಜೀವಿ ಧಾಮವನ್ನು ಘೋಷಿಸಲಾಯಿತು. ಅಲ್ಲಿನ ಕಡಲ ಬದಿಯ ಬಯಲಿನಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳು ಮರಿ ಹಾಕುತ್ತವೆ. ಅದರ ಕೆಳಗೆ ಎಣ್ಣೆ ಇರುವ ಸಾಧ್ಯತೆಯೂ ಇದೆ. ಹಿಮಸಾರಂಗಗಳನ್ನು ನಂಬಿ ಬದುಕುವ ಗ್ವಿಚಿನ್ ಜನ ಬಾವಿ ಕೊರೆಯುವುದು ಬೇಡ ಎಂದರು. ಅದೇ ಪ್ರದೇಶದ ಇನುಪಿಯಾಟ್ ಜನರಲ್ಲಿ ಅನೇಕರು ಶಾಲೆ, ಆಸ್ಪತ್ರೆಗೆ ಹಣ ಬರುತ್ತದೆ, ಕೊರೆಯಲಿ ಎಂದರು. 2017ರ ಕಾನೂನು ಗುತ್ತಿಗೆಗೆ ದಾರಿ ಮಾಡಿತು. 2021ರಲ್ಲಿ ಕೊಟ್ಟ ಗುತ್ತಿಗೆಗಳಲ್ಲಿ ಉಳಿದವನ್ನು 2023ರಲ್ಲಿ ಸರ್ಕಾರ ರದ್ದು ಮಾಡಿತು. 2025ರಲ್ಲಿ ಮತ್ತೆ ತೆರೆಯುವ ತೀರ್ಮಾನವಾಯಿತು.

ನಮ್ಮ ದೇಶದ ಅಸ್ಸಾಮಿನಲ್ಲಿ ಎಣ್ಣೆ ಇದೆ. ಅಲ್ಲಿನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಹತ್ತಿರ, ಬಾಗ್‌ಜಾನ್ ಎಂಬಲ್ಲಿ, 2020ರ ಮೇ 27ರಂದು ಬಾವಿಯೊಂದರಿಂದ ಅನಿಲ ಹಿಡಿತ ತಪ್ಪಿ ಚಿಮ್ಮಿತು. ಜೂನ್ 9ರಂದು ಬೆಂಕಿ ಹತ್ತಿತು. ಅದನ್ನು ಪೂರ್ತಿ ನಂದಿಸಲು ನವೆಂಬರ್ ಆಯಿತು. ಸಾವಿರಾರು ಜನ ಮನೆ ಬಿಡಬೇಕಾಯಿತು. ಪಕ್ಕದ ಜೌಗು ಪ್ರದೇಶದ ಮೀನು, ಹಕ್ಕಿಗಳಿಗೂ ಹಾನಿಯಾಯಿತು.

ಕುದುರೆಮುಖ ಮತ್ತು ಸಂಡೂರು

ಫೂಟ್ ಅವರು ತೀರಿಕೊಂಡ ಮರುವರ್ಷ, 1913ರಲ್ಲಿ, ಅವರು ಕಟ್ಟಿದ ಮೈಸೂರು ಇಲಾಖೆಯ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು ಪಶ್ಚಿಮ ಘಟ್ಟದ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಬಹಳ ಕಾಲ ಅದನ್ನು ಯಾರೂ ತೆಗೆಯಲಿಲ್ಲ. 1976ರಲ್ಲಿ ಕೇಂದ್ರ ಸರ್ಕಾರ ಅಲ್ಲಿ ಒಂದು ಕಂಪನಿ ಸ್ಥಾಪಿಸಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರು ಬಂದರಿಗೆ ಹರಿಸುತ್ತಿದ್ದರು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಕಾಡಿನ ನಡುವೆ ಒಂದು ಊರೇ ಬೆಳೆಯಿತು.

ಆದರೆ ಕುದುರೆಮುಖ ಸಾಮಾನ್ಯ ಬೆಟ್ಟವಲ್ಲ. ಅಲ್ಲಿನ ಗಂಗಾಮೂಲದ ಸುತ್ತ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಸಿಂಗಳೀಕಗಳು ವಾಸಿಸುವ ಶೋಲಾ ಕಾಡುಗಳಿವೆ. 1987ರಲ್ಲಿ ಸರ್ಕಾರ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಅಲ್ಲಿಗೆ ಒಂದೇ ಬೆಟ್ಟಸಾಲಿನಲ್ಲಿ ಉದ್ಯಾನವೂ ಇತ್ತು, ಗಣಿಯೂ ಇತ್ತು! ಜೋರು ಮಳೆಗೆ ಗಣಿಯ ಮಣ್ಣು ಭದ್ರಾ ನದಿಗೆ ಕೊಚ್ಚಿಹೋಗುತ್ತಿತ್ತು. ಪರಿಸರ ಪ್ರೇಮಿಗಳು ನ್ಯಾಯಾಲಯಕ್ಕೆ ಹೋದರು. ಕೆಲಸ ಹೋದರೆ ನಮ್ಮ ಗತಿ ಏನು ಎಂದು ಕಾರ್ಮಿಕರು ಕೇಳಿದರು. ಆ ಪ್ರಶ್ನೆಯೂ ಸಣ್ಣದಾಗಿರಲಿಲ್ಲ. ಕೊನೆಗೆ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅದರಂತೆ 2005ರ ಕೊನೆಗೆ ಗಣಿ ನಿಂತಿತು.

ಸಂಡೂರಿನಲ್ಲಿ ನಡೆದದ್ದೇ ಬೇರೆ. 2000ದ ನಂತರ ಅದಿರಿಗೆ ಒಳ್ಳೆಯ ಬೆಲೆ ಬಂದಿತು. ನಿಯಮ ಮೀರಿ, ಗುತ್ತಿಗೆಯ ಗಡಿ ದಾಟಿ, ಅರಣ್ಯದಲ್ಲಿಯೂ ಅಗೆತ ನಡೆಯಿತು. ಕೆಂಪು ಧೂಳು ಹೊಲಗಳ ಮೇಲೆ ಕೂತಿತು. ಲೋಕಾಯುಕ್ತರು ತನಿಖೆ ನಡೆಸಿ ವರದಿ ಕೊಟ್ಟರು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಹೆಚ್ಚು ತಪ್ಪು ಮಾಡಿದ ಗಣಿಗಳ ಗುತ್ತಿಗೆ ರದ್ದಾಯಿತು. ಉಳಿದವು ಮಿತಿ ಮತ್ತು ಷರತ್ತುಗಳ ಮೇಲೆ ಮತ್ತೆ ಆರಂಭವಾದವು.

ಕುದುರೆಮುಖದ ಕಂಪನಿಗೆ ಮುಂದೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ನಡೆಸುವ ಯೋಜನೆ ಸಿದ್ಧವಾಯಿತು. ಅದಕ್ಕೆ ಸುಮಾರು 400 ಹೆಕ್ಟೇರ್ ಅರಣ್ಯ ಬೇಕಿತ್ತು. 2024ರಲ್ಲಿ ಆ ಅರಣ್ಯವನ್ನು ಒಪ್ಪಿಸಬಾರದೆಂದು ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಹೀಗೆ ಫೂಟ್ ಅವರು ವಿವರಿಸಿದ ಬೆಟ್ಟಗಳಲ್ಲಿಯೇ ಅದೇ ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ಜಾಗದ ಬೆಲೆ

ಅದಿರನ್ನು ಹುಡುಕಿಕೊಟ್ಟ ಫೂಟ್ ಅವರೇ ಈ ತೊಂದರೆಗೆ ಕಾರಣ ಎಂದು ನೀವು ಕೇಳಬಹುದು. ಹಾಗಲ್ಲ. ನಕ್ಷೆ ಅಗೆಯಿರಿ ಎಂದು ಹೇಳುವುದಿಲ್ಲ. ಇಲ್ಲಿ ಇಂಥದ್ದಿದೆ ಎಂದಷ್ಟೇ ಹೇಳುತ್ತದೆ. ಅಗೆಯಬೇಕೋ ಬೇಡವೋ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸಬೇಕಾದವರು ಆಯಾ ಕಾಲದ ಜನ. ಅದಕ್ಕೆ ನೆಲದ ಕೆಳಗಿನ ನಕ್ಷೆಯೊಂದೇ ಸಾಲದು. ಮೇಲಿರುವ ಮರ, ಪ್ರಾಣಿ, ತೊರೆ, ಅಲ್ಲಿ ಬದುಕುವ ಜನ, ಎಲ್ಲವನ್ನೂ ಗುರುತಿಸಿದ ನಕ್ಷೆಯೂ ಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಸಂಗನಕಲ್ಲು ಬೆಟ್ಟವನ್ನೇ ನೋಡಿ. ಸಾವಿರಾರು ವರ್ಷಗಳ ಹಿಂದಿನ ಕೊಡಲಿ ಕಾರ್ಖಾನೆ, ಬಂಡೆಗಳ ಮೇಲೆ ಕೊರೆದ ಗೂಳಿಗಳ ಚಿತ್ರಗಳು ಇರುವ ಆ ಪ್ರದೇಶದಲ್ಲಿಯೂ ಕಲ್ಲುಗಣಿಗಳು ಬಂದವು. ಕೆಲವು ಭಾಗಗಳು ಹಾಳಾದವು. ಅಲ್ಲಿಂದ ತಂದ ಕೊಡಲಿಗಳನ್ನು ಇಂದು ಬಳ್ಳಾರಿಯಲ್ಲಿರುವ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ಒಡೆದುಹೋದ ಬಂಡೆಯನ್ನು ಯಾವ ಸಂಗ್ರಹಾಲಯವೂ ಮತ್ತೆ ನಿಲ್ಲಿಸಲಾರದು.

ಕಬ್ಬಿಣ ಬೇಡವೆಂದರೆ ಹಳಿಯೂ ಇಲ್ಲ, ನೇಗಿಲೂ ಇಲ್ಲ. ಆದರೆ ಹಳೆಯ ಕಬ್ಬಿಣವನ್ನು ಕರಗಿಸಿ ಮತ್ತೆ ಬಳಸಬಹುದು. ಅದಿರು ಬೇರೆ ಜಾಗದಲ್ಲಿಯೂ ಸಿಗಬಹುದು. ನದಿ ಹುಟ್ಟುವ ಜಾಗಕ್ಕೆ ಬದಲಿ ಜಾಗವಿಲ್ಲ. ಇಂದು ಅಗೆಯದ ಅದಿರು ನಾಳೆಯೂ ಅಲ್ಲಿಯೇ ಇರುತ್ತದೆ. ಇಂದು ಕಡಿದ ಶೋಲಾ ಕಾಡು ನಾಳೆ ಅಲ್ಲಿರುವುದಿಲ್ಲ. ದೊಡ್ಡವರಾದ ಮೇಲೆ ಇಂಥ ತೀರ್ಮಾನಗಳನ್ನು ಮಾಡುವವರು ನೀವೇ. ಆಗ ಎರಡೂ ನಕ್ಷೆಗಳನ್ನು ಕೇಳಿ ಪಡೆಯಿರಿ.

ಮಾಡಿ ನೋಡಿ

1. ನಿಮ್ಮ ಶಾಲೆಯ ಸುತ್ತ ಸಿಗುವ ಐದು ಬಗೆಯ ಕಲ್ಲುಗಳನ್ನು ಸಂಗ್ರಹಿಸಿ. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸಿಕ್ಕಿದ ಜಾಗ, ದಿನಾಂಕ, ಬಣ್ಣ ಬರೆದಿಡಿ.

2. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರಳಿನಲ್ಲಿ ಆಡಿಸಿ. ಅಂಟಿಕೊಂಡ ಕಪ್ಪು ಕಣಗಳನ್ನು ಕಾಗದದ ಮೇಲೆ ಉದುರಿಸಿ. ಅವುಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಕುದುರೆಮುಖದ ಮುಖ್ಯ ಅದಿರೂ ಇದೇ.

3. ನಿಮ್ಮ ಊರಿನ ನಕ್ಷೆ ಬರೆಯಿರಿ. ಅದರಲ್ಲಿ ಕೆರೆ, ಬಂಡೆ, ಹಳೆಯ ಮರ, ಕೊಳವೆಬಾವಿಗಳನ್ನು ಗುರುತಿಸಿ. ಯಾವುದನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಪಡೆಯಲಾಗದು? ಅವುಗಳಿಗೆ ಕೆಂಪು ಬಣ್ಣ ಹಚ್ಚಿ.

4. ತರಗತಿಯಲ್ಲಿ ಎರಡು ಗುಂಪು ಮಾಡಿಕೊಳ್ಳಿ. ಒಂದು ಗುಂಪು ಗಣಿಯ ಕಾರ್ಮಿಕರ ಪರವಾಗಿ, ಇನ್ನೊಂದು ಗುಂಪು ನದಿಯ ಕೆಳಭಾಗದ ರೈತರ ಪರವಾಗಿ ಮಾತನಾಡಲಿ. ಆಮೇಲೆ ಗುಂಪು ಬದಲಿಸಿ ಇನ್ನೊಮ್ಮೆ ಮಾತನಾಡಿ.